ಮೊದಲ ಹಲಗೆಯ ಮೇಲಿನ ನಾಲ್ಕು

ಯಾರಾದರೂ ಆಟಗಾರರ ಬಗ್ಗೆ ಮಾತು ತೆಗೆದರೆ ನನಗೆ ಈಗ ಆಕಳಿಕೆ ಬರುತ್ತದೆ. ಇವನನ್ನು ಟೀಮಿನಿಂದ ತೆಗೆಯಬೇಕಿತ್ತು, ಅವನಿಗೆ ಕಾಲೇ ಏಳುತ್ತಿಲ್ಲ, ಇನ್ನೊಬ್ಬನನ್ನು ಹಾಕಿದ್ದರೆ ಗೆಲ್ಲುತ್ತಿದ್ದೆವು ಎಂದು ಟೀ ಅಂಗಡಿಯ ಮುಂದೆ ನಿಂತು ತೀರ್ಪು ಕೊಡುವವರನ್ನು ಕಂಡರೆ ಗ್ಲಾಸು ಅರ್ಧಕ್ಕೇ ಇಟ್ಟು ಎದ್ದು ಬರುತ್ತೇನೆ. ಇವರೆಲ್ಲರಿಗಿಂತ ದೊಡ್ಡ ತೀರ್ಪುಗಾರ ನಾನಾಗಿದ್ದೆ. ಹೊಲಿಗೆಯ ಜೊತೆಗೆ ನಾಲ್ಕೈದು ವರ್ಷ ಅದನ್ನೇ ಮಾಡಿದೆ. ಅದರ ಸುಸ್ತು ಇನ್ನೂ ಮೈಯಿಂದ ಇಳಿದಿಲ್ಲ.

ನನ್ನ ಅಂಗಡಿ ತುಮಕೂರಿನಲ್ಲಿ, ಗುಬ್ಬಿ ಗೇಟಿನ ಹತ್ತಿರ. ಮನೆ ಗುಬ್ಬಿಯಲ್ಲಿ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಬಂದು, ದಿನವೆಲ್ಲ ಮಷಿನ್ ತುಳಿದು, ಸಂಜೆ ಬಸ್ಸಿಗೆ ನೇತುಬಿದ್ದು ಹೋಗುತ್ತಿದ್ದೆ. ಇಸ್ಕೂಲ್ ಮಕ್ಕಳ ಯೂನಿಫಾರಂ, ಗುಮಾಸ್ತರ ಪ್ಯಾಂಟು, ಹಬ್ಬ ಬಂದರೆ ರಾಶಿ ರಾಶಿ ಪೈಜಾಮ. ಬೇಸರ ಎನ್ನುವುದಕ್ಕೂ ಪುರುಸೊತ್ತಿಲ್ಲದ ಕೆಲಸ. ಅದರ ನಡುವೆ ಕಬಡ್ಡಿ ಬಂದದ್ದು ಅಳತೆಯ ಟೇಪಿನ ಮೂಲಕ.

ಸತ್ಯಮಂಗಲದ ಕಡೆ ಆಗ ಒಂದು ಕಾರ್ಖಾನೆ ಇತ್ತು. ಈಗ ಇಲ್ಲ, ಹೆಸರೂ ಬೇಡ. ಅದರ ಯಜಮಾನರಿಗೆ ಕಬಡ್ಡಿಯ ಹುಚ್ಚು. ಹಳ್ಳಿಗಳಲ್ಲಿ ಚೆನ್ನಾಗಿ ಆಡುವ ಹುಡುಗರನ್ನು ಹುಡುಕಿ ತಂದು ಕೆಲಸ ಕೊಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರೆಲ್ಲ ಹೆಲ್ಪರುಗಳು. ನಿಜವಾಗಿ ಅವರ ಕೆಲಸ ಆಡುವುದೇ. ಬೆಳಿಗ್ಗೆ ಒಂದಿಷ್ಟು ಹೊತ್ತು ಶೆಡ್ಡಿನಲ್ಲಿ ಏನೋ ಎತ್ತಿಟ್ಟಂತೆ ಮಾಡಿ ಆಮೇಲೆ ಕಾರ್ಖಾನೆಯ ಹಿಂದಿನ ಮಣ್ಣಿನ ಅಂಕಣಕ್ಕೆ ಇಳಿಯುತ್ತಿದ್ದರು. ಮೂರು ವರ್ಷ ಟೆಂಪರರಿ. ಮೂರು ವರ್ಷದ ಕೊನೆಗೆ ಕೆಲವರನ್ನು ಪರ್ಮನೆಂಟ್ ಮಾಡಿ, ಉಳಿದವರಿಗೆ ಕೈಮುಗಿದು ಕಳಿಸುತ್ತಿದ್ದರು. ಪರ್ಮನೆಂಟ್ ಆದರೆ ಸಂಬಳದ ಜೊತೆಗೆ ಇರುವುದಕ್ಕೆ ಕ್ವಾರ್ಟರ್ಸ್ ಕೂಡ ಸಿಗುತ್ತಿತ್ತು.

ಈ ತಂಡದ ನಿಕ್ಕರು, ಬನಿಯನ್ನಿನ ಮೇಲಿನ ನಂಬರು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ವರ್ಷಕ್ಕೊಮ್ಮೆ ಎಲ್ಲರೂ ಸಾಲಾಗಿ ಬಂದು ಅಳತೆ ಕೊಡುತ್ತಿದ್ದರು. ಹರಿದ ನಿಕ್ಕರುಗಳು ವಾರವಾರವೂ ರಿಪೇರಿಗೆ ಬರುತ್ತಿದ್ದವು. ಹರಿದ ಬಟ್ಟೆ ನೋಡಿದರೆ ಆಟಗಾರ ಗೊತ್ತಾಗುತ್ತಾನೆ, ಇದು ನಾನು ಕಂಡುಕೊಂಡ ವಿದ್ಯೆ. ಎದುರಾಳಿಯ ಅಂಕಣಕ್ಕೆ ಉಸಿರು ಹಿಡಿದು ನುಗ್ಗುವ ರೈಡರ್‌ನ ನಿಕ್ಕರು ತೊಡೆಸಂದಿನ ಹೊಲಿಗೆಯಲ್ಲಿ ಬಿಡುತ್ತದೆ, ಅವನು ಕಾಲು ಚಾಚಿ ಚಾಚಿ ಮುಟ್ಟಬೇಕಲ್ಲ. ಅವನನ್ನು ಹಿಡಿಯಲು ನಿಂತ ಕ್ಯಾಚರ್‌ನ ನಿಕ್ಕರು ಕುಂಡಿಯ ಮೇಲೋ ಸೊಂಟದ ಪಕ್ಕದಲ್ಲೋ ಸವೆಯುತ್ತದೆ. ಎಲ್ಲಿ ಸವೆದಿದೆ, ಎಷ್ಟು ಸವೆದಿದೆ ಎಂಬುದರ ಮೇಲೆ ಅವನು ಕಲಿತಿದ್ದಾನೋ ಇಲ್ಲವೋ ಹೇಳಬಹುದು. ಈ ಮಾತನ್ನು ನಾನು ಒಂದು ದಿನ ಸುಮ್ಮನೆ ಬಾಯಿಬಿಟ್ಟೆ. ಅಲ್ಲಿಗೆ ಶುರುವಾಯಿತು.

ಕೇಳಿಸಿಕೊಂಡವರು ಡ್ರಿಲ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸೀಟಿ ಊದಿ ರಿಟೈರ್ ಆದವರು, ನನ್ನ ಅಂಗಡಿಯ ಬೆಂಚಿನ ಮೇಲೆ ಪೇಪರ್ ಓದಲು ಬರುತ್ತಿದ್ದರು. ಕಬಡ್ಡಿಯ ಕಾನೂನು ಅವರ ನಾಲಿಗೆಯ ತುದಿಯಲ್ಲಿತ್ತು. ಇನ್ನೊಬ್ಬ ಕುಣಿಗಲ್ ರೂಟಿನ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದು ಕೂತರೆ ಯಾವ ಊರಿನಲ್ಲಿ ಯಾವ ಟೀಮು ಎಷ್ಟರಲ್ಲಿ ಸೋತಿತು ಎಂಬ ವರದಿ ಅವನ ಬಾಯಲ್ಲಿ. ಮೇಷ್ಟ್ರಿಗೆ ವಿದ್ಯೆ, ಕಂಡಕ್ಟರ್‌ಗೆ ಸುದ್ದಿ, ನನಗೆ ಬಟ್ಟೆ. ಮೂವರೂ ಸೇರಿ ತಂಡದ ಪ್ರತಿಯೊಬ್ಬನನ್ನೂ ಬಿಡಿಸಿ ಬಿಡಿಸಿ ನೋಡುತ್ತಿದ್ದೆವು. “ಕುಣಿಗಲ್ನಾಗೆ ಕುದ್ರೆ ಹಲ್ಲು ನೋಡಿದಂಗೆ ನೋಡ್ತಿದೀವಲ್ಲ ಸಾಬ್ರೇ” ಎಂದು ಕಂಡಕ್ಟರ್ ನಗುತ್ತಿದ್ದ. ನಾವು ಆಟಗಾರರನ್ನು ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ಎಡಮೂಲೆ, ಬಲಮೂಲೆ, ನಡುವಿನವನು, ಹೀಗೆ ಅವರು ನಿಲ್ಲುವ ಜಾಗವೇ ಅವರ ಹೆಸರು.

ಈಗ ಹಲಗೆಯ ವಿಷಯ. ಆಗಿನ ಅಂಗಡಿಗಳಿಗೆ ಶಟರ್ ಇರಲಿಲ್ಲ. ಕೆಳಗೆ ಮೇಲೆ ಜಾಡು ಕೊರೆದ ಚೌಕಟ್ಟಿನಲ್ಲಿ ಒಂದೊಂದೇ ಮರದ ಹಲಗೆ ನೂಕಿ ಬಾಗಿಲು ಹಾಕಬೇಕು. ಅದಲುಬದಲಾದರೆ ಕೂರುವುದಿಲ್ಲ, ಆದ್ದರಿಂದ ಒಂದೊಂದಕ್ಕೂ ನಂಬರು. ನನ್ನ ಅಂಗಡಿಗೆ ಏಳು ಹಲಗೆ. ಕಬಡ್ಡಿಯಲ್ಲೂ ಅಂಕಣಕ್ಕಿಳಿಯುವವರು ಏಳು ಜನ. ಬೆಳಿಗ್ಗೆ ಹಲಗೆಗಳನ್ನು ಬಿಚ್ಚಿ ಹೊರಗೋಡೆಗೆ ಸಾಲಾಗಿ ಒರಗಿಸಿ ಇಡುತ್ತಿದ್ದೆ. ಒಂದು ಸೋಮವಾರ ಮೇಷ್ಟ್ರು ಅದನ್ನು ನೋಡುತ್ತಾ ಕೂತಿದ್ದವರು, “ಸಾಬ್ರೇ, ನಿಮ್ ಚಾಕ್ ಕೊಡಿ ಇಲ್ಲಿ” ಎಂದರು. ಬಟ್ಟೆಗೆ ಗುರುತು ಹಾಕುವ ಚಾಕ್ ಕೊಟ್ಟೆ. ಒಂದನೇ ಹಲಗೆಯಿಂದ ಏಳನೆಯದರವರೆಗೆ ಹಿಂದಿನ ದಿನದ ಮ್ಯಾಚಿಗೆ ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕಿದರು. ಅವರ ಕೈ ನಡುಗುತ್ತಿದ್ದರಿಂದ ಮುಂದಿನ ವಾರದಿಂದ ಬರೆಯುವ ಕೆಲಸ ನನ್ನದಾಯಿತು. ನನ್ನ ಅಂಕಿಗಳು ದುಂಡಗೆ, ಅಚ್ಚು ಹೊಡೆದಂತೆ ಇರುತ್ತಿದ್ದವು.

ಎರಡು ತಿಂಗಳಲ್ಲಿ ಹಲಗೆ ಓದಲು ಜನ ಬರತೊಡಗಿದರು. ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಓದಿಕೊಂಡು, “ಆರು ಯಾಕೆ, ಏಳು ಕೊಡಾಕೆ ಏನ್ ದಾಡಿ” ಎಂದು ಗೊಣಗಿ ಹೋಗುವರು. ಒಮ್ಮೆ ಒಬ್ಬ ರೈಡರ್ ಕೈಯಲ್ಲಿ ಮಿಠಾಯಿ ಪೊಟ್ಟಣ ಹಿಡಿದು ಬಂದು ಬೆಂಚಿನ ಮೇಲಿಟ್ಟ. ಮೇಷ್ಟ್ರು ಎದ್ದು ಹೋಗಿ ಅವನ ಹಲಗೆಯ ಏಳನ್ನು ಅಂಗೈಯಲ್ಲಿ ಒರೆಸಿ, ಆರು ಮಾಡಿಸಿ, ಪೊಟ್ಟಣ ವಾಪಸ್ಸು ಕೊಟ್ಟರು. ಈ ಕಥೆ ಗುಬ್ಬಿಯವರೆಗೂ ಹೋಯಿತು. ಆ ಹಲಗೆಯ ಮೇಲೆ ಸುಳ್ಳು ಇರುವುದಿಲ್ಲ ಎಂಬ ಹೆಸರು ಬಂತು. ನನ್ನ ಹೊಲಿಗೆಗೆ ಬರದ ಹೆಸರು ನನ್ನ ಚಾಕ್‌ಗೆ ಬಂತು. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು. ನನ್ನ ಹೆಂಡತಿ ಮಾತ್ರ ನಮ್ಮ ಮನೆಮಾತಿನಲ್ಲಿ ಚುಚ್ಚುತ್ತಿದ್ದಳು: ಊರವರ ಮಕ್ಕಳಿಗೆಲ್ಲ ಮಾರ್ಕು ಹಾಕುವವರಿಗೆ ಯಾರು ಮಾರ್ಕು ಹಾಕಬೇಕು ಎಂದು.

ಎಡಮೂಲೆ ಬಂದದ್ದು ಆ ಹೊತ್ತಿಗೆ. ಯಡಿಯೂರಿನ ಹತ್ತಿರದ ಒಂದು ಹಳ್ಳಿಯವನು, ಇಪ್ಪತ್ತು ಇಪ್ಪತ್ತೊಂದರ ಪ್ರಾಯ, ಅಷ್ಟರಲ್ಲೇ ಮದುವೆಯಾಗಿತ್ತು. ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಕ್ಯಾತ್ಸಂದ್ರದಲ್ಲಿ ನಾಲ್ಕು ಜನರ ಜೊತೆ ಒಂದು ರೂಮಿನಲ್ಲಿದ್ದ. ಮಾತು ಕಡಿಮೆ. ಅಳತೆಗೆ ನಿಂತಾಗ ಟೇಪು ತಣ್ಣಗಿದೆಯೆಂದು ಚಿಕ್ಕ ಹುಡುಗಿಯ ಹಾಗೆ ನಕ್ಕುಬಿಟ್ಟ. ಅವನ ಜಾಗ ಸಾಲಿನ ಎಡತುದಿ, ಹಲಗೆಗಳಲ್ಲಿ ಒಂದನೆಯದು. ಒಳಗೆ ನುಗ್ಗಿದ ರೈಡರ್‌ನ ಕಾಲಿನ ಹರಡು, ಅಂದರೆ ಪಾದದ ಗಂಟು, ಹಿಡಿಯುವುದು ಅವನ ಕೆಲಸ.

ಮೊದಲ ವರ್ಷ ಅವನ ನಿಕ್ಕರು ಹಿಂಭಾಗ ಪೂರ್ತಿ ಚಿಂದಿಯಾಗಿ ಬರುತ್ತಿತ್ತು. ಅಂದರೆ ಹಿಡಿಯುತ್ತಿದ್ದ, ಆದರೆ ಆತುರ. ಹಿಡಿದ ಮೇಲೆ ರೈಡರ್ ಅವನನ್ನು ನಡುಗೆರೆಯವರೆಗೆ ದರದರ ಎಳೆದುಕೊಂಡು ಹೋಗುತ್ತಿದ್ದ. ಎರಡನೇ ವರ್ಷ ಸವೆತ ಎಡ ಸೊಂಟದ ಪಕ್ಕಕ್ಕೆ ಬಂತು, ಅಂಗೈಯಗಲ. ಕಾಯುವುದನ್ನು ಕಲಿತಿದ್ದ. ಮೂರನೇ ವರ್ಷ ಅದೇ ಜಾಗ, ಆದರೆ ಒಂದು ರೂಪಾಯಿ ನಾಣ್ಯದಷ್ಟೇ ಅಗಲ. ಪ್ರತಿ ಸಲವೂ ಒಂದೇ ರೀತಿ, ಒಂದೇ ಕೋನದಲ್ಲಿ, ತನಗೆ ಬೇಕಾದ ಹಾಗೆ ಬೀಳುತ್ತಿದ್ದಾನೆ ಎಂದು ಅರ್ಥ. ಮೈದಾನದಲ್ಲಿ ನೋಡಿದರೆ ಅರ್ಧ ಹೆಜ್ಜೆ ಹಿಂದೆ ಸರಿದು ರೈಡರ್‌ಗೆ ಆಸೆ ತೋರಿಸುತ್ತಿದ್ದ. ಅವನು ಕಾಲು ಚಾಚುವುದೇ ತಡ, ಹರಡು ಇವನ ಕೈಯಲ್ಲಿ. ಆ ನಿಕ್ಕರನ್ನು ಮೇಷ್ಟ್ರ ಮುಂದೆ ಬೆಳಕಿಗೆ ಹಿಡಿದು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಮೂವತ್ ವರ್ಷದಾಗೆ ಇಂಥೋನ್ನ ನೋಡಿಲ್ಲ ಕಣ್ರೀ” ಎಂದರು.

ಹಾಗೆಂದವರೇ ಅವನಿಗೆ ಐದು ಕೊಡಿಸುತ್ತಿದ್ದರು. ಇದು ಮೇಷ್ಟ್ರ ಪದ್ಧತಿ. ಇಸ್ಕೂಲಿನಲ್ಲಿ ಚುರುಕಾದ ಹುಡುಗನಿಗೇ ಹೆಚ್ಚು ಏಟು, ಅವನಿಗೇ ಕಡಿಮೆ ಮಾರ್ಕು. “ಒಂಬತ್ತು ಕೊಟ್ರೆ ಹುಡ್ಗ ಕೆಟ್ಟೋಗ್ತಾನೆ ಸಾಬ್ರೇ. ಐದು ಕೊಟ್ರೆ ಹಠ ಬರುತ್ತೆ. ಹಠ ಬಂದೋನು ಬೆಳೀತಾನೆ.” ಬೇರೆ ಆರು ಜನರಿಗೆ ಇದ್ದದ್ದು ಇದ್ದಂತೆ ಬರೆಯುತ್ತಿದ್ದೆವು. ಎಡಮೂಲೆಗೆ ಮಾತ್ರ ಹಠದ ಮಾರ್ಕು. ನಮ್ಮ ಅತ್ಯಂತ ಪ್ರೀತಿಯ ಆಟಗಾರ ಅವನೇ ಆಗಿದ್ದರಿಂದ ಅತ್ಯಂತ ಕಡಿಮೆ ಅಂಕಿ ಅವನದಾಗಿತ್ತು. ಈ ಗುಟ್ಟು ಬೆಂಚಿನ ಮೂವರಿಗೆ ಬಿಟ್ಟು ನಾಲ್ಕನೆಯವರಿಗೆ ಗೊತ್ತಿರಲಿಲ್ಲ. ಅವನು ಸೋಮವಾರ ಸಂಜೆ ಬಂದು ಹಲಗೆ ನೋಡಿ ಹೋಗುತ್ತಿದ್ದ. ಮರುದಿನ ಎಲ್ಲರಿಗಿಂತ ಮುಂಚೆ ಅಂಕಣದಲ್ಲಿರುತ್ತಿದ್ದ. “ನೋಡಿದ್ರಾ, ಹತ್ಕೊಂಡಿತು” ಎಂದು ಮೇಷ್ಟ್ರು ತೊಡೆ ತಟ್ಟುತ್ತಿದ್ದರು.

ಮೂರನೇ ವರ್ಷದ ಕೊನೆ ಹತ್ತಿರ ಬಂದಾಗ ಒಂದು ದಿನ ಅವನು ಪೇಪರಿನಲ್ಲಿ ಸುತ್ತಿದ ಬಟ್ಟೆ ತಂದ. ಹಸಿರು ಬಣ್ಣ, ಅದರ ಮೇಲೆ ಚಿಕ್ಕ ಬಿಳಿ ಹೂವು. “ಅಣ್ಣ, ಇದು ಕಿಟಕಿ ಪರದೆಗೆ. ಕ್ವಾರ್ಟರ್ಸ್ ಸಿಕ್ಕುದ್ ಮ್ಯಾಲೆ ಅಳತೆ ಹೇಳ್ತೀನಿ. ಅಲ್ಲಿಗಂಟ ನಿಮ್ಮತ್ರಾನೇ ಇರ್ಲಿ. ರೂಮ್ನಾಗೆ ಇಟ್ರೆ ಹುಡುಗ್ರು ಕೈ ಒರೆಸ್ಕಂಡ್ಬುಡ್ತಾರೆ” ಎಂದ. ಹೆಂಡತಿ ತನಗೆ ಪರದೆ ಇರುವ ಮನೆ ಬೇಕು ಎಂದಿದ್ದಳಂತೆ. ಅದನ್ನು ಹೇಳುವಾಗ ಕಿವಿ ಕೆಂಪಾಗಿತ್ತು. ನಾನು ಬಟ್ಟೆಯನ್ನು ಮೇಲಿನ ಅಟ್ಟಣೆಯಲ್ಲಿ ಇಟ್ಟೆ.

ಆ ವರ್ಷದ ದೊಡ್ಡ ಟೂರ್ನಮೆಂಟು ಕುಣಿಗಲ್ಲಿನಲ್ಲಿ ನಡೆಯಿತು. ಭಾನುವಾರ ಮಧ್ಯಾಹ್ನದ ಫೈನಲ್ಲಿಗೆ ನಾವು ಮೂವರೂ ಹೋದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಎಡಮೂಲೆ ಅವತ್ತು ಆರು ಜನರನ್ನು ಹಿಡಿದ. ಕೊನೆಯ ಗಳಿಗೆಯಲ್ಲಿ ನಮ್ಮ ಕಡೆ ಉಳಿದಿದ್ದವನು ಅವನೊಬ್ಬನೇ. ಎದುರಾಳಿಯ ಅತ್ಯುತ್ತಮ ರೈಡರ್ ಉಸಿರು ಕಟ್ಟಿ ಬಂದ, ಸುತ್ತ ಇದ್ದವರೆಲ್ಲ ಎದ್ದು ನಿಂತರು. ಎಡಮೂಲೆ ಅದೇ ಅರ್ಧ ಹೆಜ್ಜೆ ಹಿಂದೆ ಸರಿದ. ರೈಡರ್ ಕಾಲು ಚಾಚಿದ. ಹರಡು ಸಿಕ್ಕಿತು. ಒಬ್ಬನೇ ಅವನನ್ನು ನೆಲಕ್ಕೆ ಕೆಡವಿ ಉಸಿರು ಮುಗಿಯುವವರೆಗೆ ಬಿಡಲಿಲ್ಲ. ಕಂಡಕ್ಟರ್ ಅಳುತ್ತಿದ್ದ. ನಾನು ಕಂಡ ಆಟಗಳಲ್ಲಿ ಅದಕ್ಕಿಂತ ಮೇಲಿನದು ಇಲ್ಲ.

ಸೋಮವಾರ ಬೆಳಿಗ್ಗೆ ಚಾಕ್ ಹಿಡಿದು ಒಂದನೇ ಹಲಗೆಯ ಮುಂದೆ ನಿಂತೆ. “ಮೇಷ್ಟ್ರೇ, ಇವತ್ತಾದ್ರೂ ಇದ್ದದ್ದು ಬರೆಯೋಣ. ಒಂಬತ್ತು.”

“ನಾಲ್ಕು” ಎಂದರು ಮೇಷ್ಟ್ರು.

“ನಾಲ್ಕಾ? ನಿನ್ನೆ ಅವ್ನು ಒಬ್ನೇ ಗೆಲ್ಸವ್ನೆ ಮೇಷ್ಟ್ರೇ” ಎಂದು ಕಂಡಕ್ಟರ್ ಬೆಂಚಿನಿಂದ ಎದ್ದೇಬಿಟ್ಟ.

“ಅದ್ಕೇ ನಾಲ್ಕು. ಇನ್ನೆರಡು ತಿಂಗ್ಳಿಗೆ ಸ್ಟೇಟ್ ಸೆಲೆಕ್ಷನ್ನು. ನಿನ್ನೆ ಎಲ್ರೂ ಹೆಗಲ ಮೇಲೆ ಹೊತ್ಕೊಂಡು ಕುಣಿದವ್ರೆ. ನಾವೂ ಕುಣಿದ್ರೆ ಆಯ್ತು ಅವ್ನ ಕಥೆ. ಬರೀರಿ ಸಾಬ್ರೇ.”

ಬರೆದೆ. ದುಂಡಗೆ, ಅಚ್ಚು ಹೊಡೆದಂತೆ ಬರೆದೆ. ಉಳಿದ ಹಲಗೆಗಳಲ್ಲಿ ಆರು, ಏಳು, ಎಂಟು ಎಂದು ನಿಜವಾದ ಅಂಕಿಗಳಿದ್ದವು. ಕಂಡಕ್ಟರ್ ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಹೋದ. ಮೇಷ್ಟ್ರೂ ಮನೆಗೆ ಹೋದರು.

ಮಧ್ಯಾಹ್ನ ಕಾರ್ಖಾನೆಯ ಆಫೀಸರ್ ಒಬ್ಬರು ಪ್ಯಾಂಟು ಹೊಲಿಸಲು ಬಂದರು. ಹೊಸಬರು, ಆಟ ಗೊತ್ತಿಲ್ಲದವರು. ಅಳತೆ ಕೊಟ್ಟು ಹೊರಗೆ ಹೋದವರು ಹಲಗೆಗಳ ಮುಂದೆ ನಿಂತರು. ಜೇಬಿನಿಂದ ಒಂದು ಪುಟ್ಟ ಡೈರಿ ತೆಗೆದು ಏಳು ಅಂಕಿಗಳನ್ನೂ ಬರೆದುಕೊಳ್ಳತೊಡಗಿದರು. ನಾನು ಮಷಿನ್ ನಿಲ್ಲಿಸಿ ಬಾಗಿಲಿಗೆ ಬಂದೆ.

“ಟೀಮಿನ ಬಗ್ಗೆ ಇಡೀ ತುಮಕೂರಿನಲ್ಲಿ ಸರಿಯಾಗಿ ಹೇಳೋರು ನೀವೇ ಅಂತೆ. ಇದು ಕರೆಕ್ಟಾ?” ಎಂದು ಕೇಳಿದರು.

ಅವರು ಯಾಕೆ ಕೇಳುತ್ತಿದ್ದಾರೆ ಎಂದು ನಾನು ಯೋಚಿಸಬೇಕಿತ್ತು. ಮೂರು ವರ್ಷ ಮುಗಿಯುತ್ತಿದೆ ಎಂಬುದು ನನಗೆ ಗೊತ್ತಿತ್ತು, ಪರದೆಯ ಬಟ್ಟೆ ನನ್ನ ತಲೆಯ ಮೇಲಿನ ಅಟ್ಟಣೆಯಲ್ಲೇ ಇತ್ತು. ಆದರೆ ಒಬ್ಬ ಆಫೀಸರ್, ಪಾಲಿಶ್ ಮಾಡಿದ ಬೂಟಿನವರು, ನನ್ನ ಅಂಕಿಗಳನ್ನು ಡೈರಿಗೆ ಇಳಿಸಿಕೊಳ್ಳುತ್ತಿದ್ದಾರೆ ಎಂಬುದೇ ನನಗೆ ದೊಡ್ಡದಾಗಿ ಕಂಡಿತು. ಎದೆ ಉಬ್ಬಿತು.

“ನಮ್ಮ ಮಾರ್ಕು ಯಾವತ್ತೂ ತಪ್ಪಾಗಿಲ್ಲ ಸಾರ್” ಎಂದೆ.

ಅವರು ತಲೆಯಾಡಿಸಿ ಡೈರಿ ಮುಚ್ಚಿ ಹೊರಟರು. ನಾನು ಹೋಗಿ ಮಷಿನ್ ಮೇಲೆ ಕೂತೆ. ನಾಲ್ಕು ಗಜ ಹೊಲಿಗೆ ಹಾಕಿರಬೇಕು, ಆಗ ಕಾಲು ತಂತಾನೇ ನಿಂತಿತು.

ಸಂಜೆ ಮೇಷ್ಟ್ರಿಗೆ ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಪರ್ಮನೆಂಟ್ ಲಿಸ್ಟಿಗೇ ಇರಬೇಕು, ನಾಳೆಯೇ ಹೋಗಿ ಹೇಳೋಣ ಎಂದರು. ಮರುದಿನ ಬೆಳಿಗ್ಗೆ ಇಬ್ಬರೂ ಸತ್ಯಮಂಗಲಕ್ಕೆ ಹೋದೆವು. ಕಾರ್ಖಾನೆಯ ಗೇಟಿನಲ್ಲಿ ಒಂದು ಗಂಟೆ ನಿಲ್ಲಿಸಿ ಒಳಗೆ ಬಿಟ್ಟರು. ಆಫೀಸರ್ ಕುರ್ಚಿ ತೋರಿಸಿದರು, ನಾವು ಕೂರಲಿಲ್ಲ.

“ಸಾರ್, ಒಂದನೇ ಹಲಗೆ ಮಾರ್ಕು ತಪ್ಪಾಗಿದೆ. ನಾಲ್ಕಲ್ಲ, ಒಂಬತ್ತು” ಎಂದೆ.

ಅವರು ಡೈರಿ ತೆಗೆಯಲಿಲ್ಲ. ನನ್ನನ್ನೂ ಮೇಷ್ಟ್ರನ್ನೂ ಒಂದು ಸುತ್ತು ನೋಡಿದರು. “ನಿನ್ನೆ ಯಾವತ್ತೂ ತಪ್ಪಾಗಿಲ್ಲ ಅಂದ್ರಿ. ಇವತ್ತು ಆ ಹುಡುಗನ ಕಡೆಯವರು ಯಾರಾದ್ರೂ ಬಂದಿದ್ರಾ?”

ಮೇಷ್ಟ್ರು ಹಠದ ಮಾರ್ಕಿನ ವಿಷಯ ವಿವರಿಸಲು ಹೋದರು. ಆ ಮಾತು ನಮ್ಮ ಬೆಂಚಿನ ಮೇಲೆ ಎಷ್ಟು ಸರಿಯಾಗಿ ಕೇಳುತ್ತಿತ್ತೋ ಆ ಮೇಜಿನ ಮುಂದೆ ಅಷ್ಟೇ ಹುಚ್ಚುಹುಚ್ಚಾಗಿ ಕೇಳಿತು. ಚೆನ್ನಾಗಿ ಆಡಿದವನಿಗೆ ಬೇಕೆಂದೇ ಕಡಿಮೆ ಬರೆದೆವು ಎಂದರೆ ಯಾರು ನಂಬುತ್ತಾರೆ? ಆಫೀಸರ್ ಕೈ ಎತ್ತಿ ನಿಲ್ಲಿಸಿದರು. “ನೋಡಿ, ಯಜಮಾನ್ರು ಈ ಸಲದ ಲಿಸ್ಟು ನನಗೆ ಬಿಟ್ಟಿದ್ದಾರೆ. ಶಿಫಾರಸು ಹಿಡ್ಕೊಂಡು ದಿನಾ ಹತ್ತು ಜನ ಬರ್ತಾರೆ. ವಶೀಲಿ ನಡೆಯದ ಜಾಗ ಅದೊಂದೇ ಅಂತ ನಿಮ್ಮ ಹಲಗೆ ನೋಡಿದ್ದು. ಅದನ್ನೂ ಕೆಡಿಸ್ಬೇಡಿ. ಹೋಗಿ ಬನ್ನಿ” ಎಂದರು.

ಗೇಟಿನಿಂದ ಬಸ್ ನಿಲ್ದಾಣದವರೆಗೆ ಮೇಷ್ಟ್ರು ನನ್ನ ಹಿಂದೆಯೇ ಬಂದರು. ಅವರ ಚಪ್ಪಲಿಯ ಉಂಗುಷ್ಠ ಕಿತ್ತುಬಂದಿತ್ತು, ಕಾಲೆಳೆದುಕೊಂಡು ನಡೆಯುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ನಾಲ್ಕು ಹೇಳಿದ್ದು ಅವರು. ಆದರೆ ಸರಿ ಎಂದು ಸಹಿ ಹಾಕಿದಂತೆ ಹೇಳಿದ್ದು ನಾನು. ಆ ಲೆಕ್ಕ ಹಾಕಿಕೊಂಡ ಮೇಲೆ ಸಿಟ್ಟಿಗೂ ಶಕ್ತಿ ಉಳಿಯಲಿಲ್ಲ.

ಹದಿನೈದು ದಿನಕ್ಕೆ ಲಿಸ್ಟು ಬಂತು. ಏಳರಲ್ಲಿ ನಾಲ್ವರು ಪರ್ಮನೆಂಟ್. ಎಡಮೂಲೆ ಅದರಲ್ಲಿ ಇರಲಿಲ್ಲ.

ಊರಿಗೆ ಹೋಗುವ ಮುಂಚೆ ಅವನು ಅಂಗಡಿಗೆ ಬಂದ. ಟ್ರಂಕು ಹೊರಗಿಟ್ಟು ಒಳಗೆ ಬಂದು ನಿಂತ. ಮೇಷ್ಟ್ರು ಬೆಂಚಿನ ಮೇಲಿದ್ದರು, ಕಂಡಕ್ಟರ್ ಕೂಡ ಇದ್ದ. ಎಡಮೂಲೆಗೆ ಡೈರಿಯ ಸಂಗತಿ ಗೊತ್ತಿರಲಿಲ್ಲ. ಅವನು ಮೇಷ್ಟ್ರನ್ನು ಕೇಳಿದ್ದು ಒಂದೇ ಮಾತು.

“ಸಾರ್, ನಾನು ಎಲ್ಲಿ ಕಮ್ಮಿ ಆದೆ? ಕುಣಿಗಲ್ನಾಗೆ ಚೆನ್ನಾಗೇ ಆಡ್ದೆ ಅನ್ಕಂಡಿದ್ದೆ. ನೀವು ನಾಲ್ಕು ಕೊಟ್ಟಿದ್ರಿ. ಆಫೀಸ್ನೋರೂ ಬ್ಯಾಡ ಅಂದ್ರು. ಏನ್ ತಪ್ಪು ಅಂತ ಗೊತ್ತಾದ್ರೆ ತಿದ್ಕತೀನಿ.”

ನಾನು ಮೇಷ್ಟ್ರನ್ನು ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳಲೇಬೇಕು ಎಂದುಕೊಂಡೆ. “ನಿನ್ನ ಎಡಗಾಲು ಕಣಪ್ಪಾ” ಎಂದರು ಮೇಷ್ಟ್ರು. “ಹಿಡಿಯೋ ಹೊತ್ನಾಗೆ ಎಡಗಾಲು ಒಂಚೂರು ಲೇಟಾಗುತ್ತೆ.”

ಹಾಗೇನೂ ಇರಲಿಲ್ಲ. ಆ ಎಡಗಾಲು ಕ್ಷಣಕ್ಕೆ ಸರಿಯಾಗಿ ಇರುತ್ತಿತ್ತೆಂಬುದಕ್ಕೆ ನಾಣ್ಯದಗಲದ ಸವೆತವೇ ಸಾಕ್ಷಿ. ಆ ನಿಕ್ಕರು ಆಗಲೂ ನನ್ನ ಕೈಯಳತೆಯಲ್ಲಿ, ರಿಪೇರಿ ಬಟ್ಟೆಗಳ ನಡುವೆ ಇತ್ತು. ನಾನು ಬಾಯಿ ತೆರೆಯಲಿಲ್ಲ. ಹೇಳಿದರೆ ಇವನ ಮುಖ ನೋಡುವುದು ಹೇಗೆ ಎಂಬ ಹೇಡಿತನ, ಅಷ್ಟೇ. ಕಂಡಕ್ಟರ್ ಎದ್ದು ಹೊರಗೆ ಹೋಗಿ ಟ್ರಂಕು ಎತ್ತಿ ತನ್ನ ಬಸ್ಸಿಗೆ ಹಾಕಿಕೊಂಡ. ಎಡಮೂಲೆ ಎಡಗಾಲನ್ನೊಮ್ಮೆ ಬಗ್ಗಿ ನೋಡಿಕೊಂಡು, “ಸರಿ ಸಾರ್” ಎಂದು ಹೋದ. ಪರದೆಯ ಬಟ್ಟೆಯನ್ನು ಅವನು ಕೇಳಲಿಲ್ಲ. ನಾನೂ ನೆನಪಿಸಲಿಲ್ಲ.

ಮುಂದಿನ ಸೋಮವಾರ ಮೇಷ್ಟ್ರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಒದ್ದೆ ಬಟ್ಟೆಯಲ್ಲಿ ಏಳೂ ಹಲಗೆ ಒರೆಸಿದೆ. ಸೈಕಲ್ ನಿಲ್ಲಿಸಿದವರು, “ಯಾಕ್ ಸಾಬ್ರೇ, ಈ ವಾರ ಮಾರ್ಕಿಲ್ವಾ?” ಎಂದು ಕೇಳುತ್ತಿದ್ದರು. ಚಾಕ್ ಖಾಲಿ ಎನ್ನುತ್ತಿದ್ದೆ. ಟೈಲರ್ ಅಂಗಡಿಯಲ್ಲಿ ಚಾಕ್ ಖಾಲಿಯಂತೆ! ಆದರೂ ಕೆಲವು ವಾರಗಳ ಮೇಲೆ ಕೇಳುವುದನ್ನು ಬಿಟ್ಟರು. ಕೆಲವು ವರ್ಷಕ್ಕೆ ಯಜಮಾನರ ಹುಚ್ಚೂ ಇಳಿದು ತಂಡವೇ ಚದುರಿಹೋಯಿತು. ಜನ ರೇಡಿಯೋಕ್ಕೆ, ಆಮೇಲೆ ಟಿವಿಗೆ ಅಂಟಿಕೊಂಡು ಕ್ರಿಕೆಟ್ಟಿನವರಿಗೆ ಮಾರ್ಕು ಹಾಕತೊಡಗಿದರು. ನಾನು ಅಂಗಡಿಗೆ ಶಟರ್ ಹಾಕಿಸಿ, ಹಲಗೆಗಳನ್ನು ಜೋಡಿಸಿ ಕಟಿಂಗ್ ಟೇಬಲ್ ಮಾಡಿಕೊಂಡೆ. ಒಂದನೇ ಹಲಗೆ ನನ್ನ ಹೊಟ್ಟೆಯ ಕಡೆಗೇ ಬಂತು. ದಿನಾ ಅದಕ್ಕೆ ಒರಗಿಯೇ ಕತ್ತರಿ ಆಡಿಸಬೇಕು.

ಒಂದು ದಿನ ಕಂಡಕ್ಟರ್ ಸುದ್ದಿ ತಂದ. ಎಡಮೂಲೆ ಯಡಿಯೂರಿನಲ್ಲಿ ಹಿಟ್ಟಿನ ಗಿರಣಿಯಲ್ಲಿದ್ದಾನೆ, ಆಟ ಬಿಟ್ಟಿದ್ದಾನೆ ಎಂದು. ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ಅವರು ಮಂಚದ ಮೇಲಿದ್ದರು, ಕಣ್ಣು ಮಂಜಾಗಿತ್ತು. “ನನ್ ಕೈಲಾಗಲ್ಲ ಸಾಬ್ರೇ. ನೀವೇ ಹೇಳ್ಬುಡಿ” ಎಂದರು. ನನ್ನ ಕೈಯಲ್ಲೂ ಆಗುತ್ತಿರಲಿಲ್ಲ. ಇನ್ನೂ ಒಂದು ವರ್ಷ ತಳ್ಳಿದೆ. ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ಅಟ್ಟಣೆಯಿಂದ ಆ ಹಸಿರು ಬಟ್ಟೆ ಇಳಿಸಿ, ಧೂಳು ಕೊಡವಿ, ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಎಂಬತ್ತರ ದಶಕದ ನಡು ಭಾಗ ಅದು, ನನ್ನ ಸೊಂಟ ಆಗಲೇ ಹಿಡಿದುಕೊಂಡಿತ್ತು.

ಗಿರಣಿಯ ಬಾಗಿಲಲ್ಲಿ ನಿಂತಾಗ ಅವನೇ ಗುರುತು ಹಿಡಿದ. ಹುಬ್ಬಿನಿಂದ ಕಾಲಿನವರೆಗೆ ಹಿಟ್ಟು. ತೊಟ್ಟಿದ್ದದ್ದು ನಾನೇ ಹೊಲಿದ ನಿಕ್ಕರು, ತೇಪೆ ಮೇಲೆ ತೇಪೆ. ಬೆಲ್ಟು ಬಿಚ್ಚಿ ಮಷಿನ್ ನಿಲ್ಲಿಸಿ ಓಡಿ ಬಂದು ನನ್ನ ಕೈ ಹಿಡಿದುಕೊಂಡ. ಪಕ್ಕದಲ್ಲೇ ಅವನ ಒಂದು ಕೋಣೆಯ ಮನೆ. ಕಂಬಳಿ ಹಾಸಿ ಕೂರಿಸಿದ. ಅವನ ಹೆಂಡತಿ ಬೆಲ್ಲ, ನೀರು ತಂದಿಟ್ಟಳು.

ಕುಶಲ ಕೇಳಿ ಮುಗಿಯುವ ಮೊದಲೇ ಅವನು ತನ್ನ ಎಡಗಾಲು ಮುಂದೆ ಚಾಚಿದ. “ಮೇಷ್ಟ್ರು ಹೇಳಿದ್ದು ಸರಿ ಅಣ್ಣ. ಊರಿಗೆ ಬಂದು ಎರಡು ವರ್ಷ ಇದುನ್ನೇ ತಿದ್ದಿದೆ. ಬೇಗ ಇಡಾಕೆ ಹೋದ್ರೆ ಹಿಡಿತಾನೇ ತಪ್ಪೋಗೋದು. ಕೊನೆಗೆ ತಿಳೀತು, ನನ್ ಕಾಲೇ ಅಷ್ಟು ಅಂತ. ಬುಟ್ಬುಟ್ಟೆ.”

ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಹಠದ ಮಾರ್ಕು, ಡೈರಿ, ಯಾವತ್ತೂ ತಪ್ಪಾಗಿಲ್ಲ ಎಂದ ನನ್ನ ಮಾತು, ಕಾರ್ಖಾನೆಗೆ ಹೋಗಿ ವಾಪಸ್ಸು ಬಂದದ್ದು, ಇಲ್ಲದ ಎಡಗಾಲಿನ ತಪ್ಪು. “ನಿನ್ನ ಕಾಲಿನಲ್ಲಿ ಏನೂ ಇರ್ಲಿಲ್ಲ ಕಣಪ್ಪ. ಕುಣಿಗಲ್ ಆಟಕ್ಕೆ ಒಂಬತ್ತು. ನಾವು ಯಾರಿಗೂ ಕೊಡದ ಒಂಬತ್ತು” ಎಂದೆ.

ಅವನು ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ನಕ್ಕ. ಟೇಪು ತಣ್ಣಗಿದೆಯೆಂದು ನಕ್ಕಿದ್ದ ಅದೇ ನಗು.

“ಸಮಾಧಾನ ಮಾಡಾಕೆ ಅಂತ ಇಷ್ಟು ದೂರ ಬಂದ್ರಾ ಅಣ್ಣ? ಬುಡಿ. ನನಗೇನು ಬ್ಯಾಸರ ಇಲ್ಲ. ಮಿಠಾಯಿ ತಂದೋನ ಮಾರ್ಕನ್ನೇ ಇಳಿಸಿದೋರು ನೀವು. ಆ ಹಲಗೆ ಮ್ಯಾಲೆ ನೀವು ಸುಳ್ಳು ಬರೆಯೋರಲ್ಲ, ನನಗೊತ್ತಿಲ್ವಾ?”

ಇಲ್ಲ, ದೇವರಾಣೆ ಎಂದೆ. ಅವನು ನನ್ನ ಭುಜ ತಟ್ಟಿ, ಆಯಿತು ಆಯಿತು ಎಂದ, ಜ್ವರದಲ್ಲಿ ಬಡಬಡಿಸುವವರಿಗೆ ಹೇಳುವ ಹಾಗೆ. ಅವನ ಹೆಂಡತಿ ಅಷ್ಟರಲ್ಲಿ ನನ್ನ ಬಗಲಿನ ಪೊಟ್ಟಣ ಬಿಚ್ಚಿ ನೋಡಿದ್ದಳು. ಹಸಿರು ಬಟ್ಟೆಯನ್ನು ಎದೆಗೆ ಹಿಡಿದು, “ಇದು ಅದೇ ಅಲ್ವಾ?” ಎಂದು ಗಂಡನ ಮುಖ ನೋಡಿದಳು. ಮಡಿಕೆಯ ಗೆರೆಗಳಲ್ಲಿ ಬಣ್ಣ ಹೋಗಿತ್ತು.

“ಟೇಪ್ ತಂದಿದೀರಾ ಅಣ್ಣ?” ಎಂದು ಅವನು ಕೇಳಿದ.

ಟೈಲರ್‌ನ ಕುತ್ತಿಗೆಯಲ್ಲಿ ಟೇಪು ಇಲ್ಲದೆ ಎಲ್ಲಿ ಹೋಗುತ್ತದೆ. ಎದ್ದು ಕಿಟಕಿಯ ಹತ್ತಿರ ಹೋದೆ. ಗಿರಣಿಯ ಕಡೆಗೆ ತೆರೆಯುವ ಒಂದೇ ಒಂದು ಸಣ್ಣ ಕಿಟಕಿ, ಸರಳುಗಳ ಮೇಲೆ ಹಿಟ್ಟು ಕೂತಿತ್ತು. ಅವನು ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು. ಜೇಬಿನಿಂದ ಚಾಕ್ ತೆಗೆದು ಅಳತೆಯನ್ನು ಗೋಡೆಯ ಮೇಲೆ ಬರೆದೆ. ಅಂಕಿಗಳು ಸೊಟ್ಟಗೆ ಬಂದವು. ಸರಿಯಾಗಿದೆಯಾ ಎಂದು ಅವನು ಕೇಳಲಿಲ್ಲ.